ನೀರು ಸುರಿದರೂ ಒಣಗುವ ಕಣ್ಣು

“ಸ್ವಾಮಿ, ಒಕ್ಕಣೆ ಮುಗಿದು ತಿಂಗಳಾಯಿತು, ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ ನಿಂತಿಲ್ಲ, ನೀರೂ ಸುರಿಯುತ್ತದೆ” ಎಂದು ಪೂಜೆ ಮುಗಿದ ಮೇಲೆ ಹೇಳುವವರುಂಟು. ಇದು ಕಣ್ಣು ಒಣಗಿದ್ದರ ಲಕ್ಷಣವಿರಬಹುದು. ರೆಪ್ಪೆಯಂಚಿನ ಗ್ರಂಥಿಗಳ ಜಿಡ್ಡು ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಜಿಡ್ಡು ಕಡಿಮೆಯಾದರೆ ಕಣ್ಣು ಒಣಗಿ ಉರಿಯುತ್ತದೆ. ಆ ಉರಿಗೇ ನೀರು ಸುರಿಯುತ್ತದೆ. 50 ದಾಟಿದವರಲ್ಲಿ, ಮುಟ್ಟು ನಿಂತ ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು.

ಹಗಲಿನಲ್ಲಿ: ಹಿತವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣುಗಳ ಮೇಲೆ 5ರಿಂದ 10 ನಿಮಿಷ, ದಿನಕ್ಕೆ ಎರಡು ಬಾರಿ ಇಡಿ, ಜಿಡ್ಡು ಕರಗಿ ಹರಿಯುತ್ತದೆ. ಧೂಳಿನ ಕೆಲಸಕ್ಕೆ ಕನ್ನಡಕ ಧರಿಸಿ. ಒಲೆಯ ಹೊಗೆಯಿಂದ ದೂರವಿರಿ. ಟಿ.ವಿ., ಮೊಬೈಲ್ ನೋಡುವಾಗ ಆಗಾಗ ರೆಪ್ಪೆ ಬಡಿಯಿರಿ.

ರಾತ್ರಿಯಲ್ಲಿ: ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳದಿರಲಿ. ಕೆಲವರ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚುವುದಿಲ್ಲ; ಏಳುವಾಗಲೇ ಉರಿಯಿದ್ದರೆ ಮನೆಯವರು ಇದನ್ನು ಗಮನಿಸಿ ವೈದ್ಯರಿಗೆ ತಿಳಿಸಲಿ. ಹಗಲಿಗೆ ಕೃತಕ ಕಣ್ಣೀರಿನ ಹನಿ, ಮಲಗುವಾಗ ಹಚ್ಚುವ ಮುಲಾಮು ಉಂಟು.

ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಕಣ್ಣಿಗೆ ಬಿಡಬೇಡಿ. ಕೀವಾಗಿ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಬಹುದು. ಚೀಟಿಯಿಲ್ಲದೆ ಅಂಗಡಿಯಿಂದ ತಂದ ಸ್ಟಿರಾಯ್ಡ್ ಹನಿ ಇನ್ನೂ ಅಪಾಯಕಾರಿ. ಉರಿ ಬೇಗ ಶಮನವಾಗುತ್ತದೆ ನಿಜ. ಆದರೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿಗೆ ಪೊರೆ ಬರಬಹುದು, ಒಳಒತ್ತಡ ಏರಬಹುದು. ಒತ್ತಡದಿಂದ ಹೋದ ದೃಷ್ಟಿ ಮರಳಿ ಬಾರದು.

ನೋವು, ಮಬ್ಬು, ಬೆಳಕು ತಾಳಲಾಗದ ಸ್ಥಿತಿ ಕಂಡರೆ ಸಂತೆಯ ದಿನಕ್ಕೆ ಕಾಯಬೇಡಿ. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.