ಬಿನ್ನಪವೂ ಲಕ್ಷಣವೂ: ಗೃಹನಿರ್ಮಾಪಕರ ಸಂಘಗಳು ನೀತಿಯನ್ನು ಬೇಡುವ ಬಗೆ

ವಿಜ್ಞಾಪನವೆಂಬ ಸಂಸ್ಕೃತಶಬ್ದವು ಕನ್ನಡದಲ್ಲಿ ಬಿನ್ನಪವಾಯಿತು, ವಿಜ್ಞಾನವೆಂಬುದು ಬಿನ್ನಣವಾಯಿತು. ಎರಡಕ್ಕೂ ಧಾತುವೊಂದೇ. ಅರಸನ ಮುಂದೆ ಬಿನ್ನಪಂಗೈಯುವವನಿಗೆ ಬಿನ್ನಣವೂ ಬೇಕೆಂಬುದನ್ನು ನಮ್ಮ ಶಾಸನಗಳನ್ನು ಓದಿದವರು ಬಲ್ಲರು. ಈ ಕಾಲದ ಅಂತಹ ಒಂದು ಬಿನ್ನಪವನ್ನು, ಎಂದರೆ ಮನೆಗಳನ್ನು ಕಟ್ಟಿ ಮಾರುವವರ ಸಂಘಗಳು ಗೃಹನೀತಿಯ ವಿಷಯದಲ್ಲಿ ಸರ್ಕಾರಕ್ಕೆ ಸಲ್ಲಿಸುವ ವಿಜ್ಞಾಪನೆಗಳ ರೀತಿಯನ್ನು, ಇಲ್ಲಿ ವಿವರಿಸಲು ಯತ್ನಿಸಿದೆ. ಇದು ಈ ಪತ್ರಿಕೆಗೆ ಸಲ್ಲುವ ವಿಷಯವೇ ಎಂದು ಕೆಲವರು ಕೇಳಬಹುದು. ಈ ವ್ಯವಹಾರದ ತಿರುಳೆಲ್ಲವೂ ಶಬ್ದಾರ್ಥನಿರ್ಣಯದಲ್ಲಿಯೇ ಇರುವುದರಿಂದ ಸಲ್ಲುವುದೆಂದು ನನ್ನ ಅಭಿಪ್ರಾಯ.

ಸಂಘವು ರಾಜನೊಡನೆ ಮಾತನಾಡುವುದು ಹೊಸದಲ್ಲ. ಶ್ರೇಣಿ, ನೈಗಮ ಮೊದಲಾದ ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಸಮಯವನ್ನು ರಾಜನು ಕಾಪಾಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಅದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿದ್ದವನು. ಅಯ್ಯಾವೊಳೆಯ ಐನೂರ್ವರ ಪ್ರತಾಪವನ್ನು ಹೇಳಬೇಕಾದುದಿಲ್ಲ. ಆದರೆ ಕೌಟಿಲ್ಯನು ಇನ್ನೊಂದು ಮುಖವನ್ನೂ ಕಂಡವನು. ವರ್ತಕರು ಒಟ್ಟುಗೂಡಿ ಸರಕನ್ನು ತಡೆದಿಟ್ಟು ಸಲ್ಲದ ಬೆಲೆಗೆ ಮಾರಿದರೆ ಸಾವಿರ ಪಣ ದಂಡವೆಂದು ಅವನ ಮತ. ಸಮೂಹದಲ್ಲಿ ಆದರವೂ ಶಂಕೆಯೂ ಒಟ್ಟಿಗೇ ಇರಬೇಕೆಂದು ಇದರಿಂದ ತಿಳಿಯಬಹುದು.

ಪ್ರಕೃತದಲ್ಲಿ ಈ ವೃತ್ತಿಯವರ ಮುಖ್ಯ ಸಮೂಹವು ೧೯೯೯ರಲ್ಲಿ ಹುಟ್ಟಿದ ಕ್ರೆಡೈ ಎಂಬ ಒಕ್ಕೂಟ. ಅದಕ್ಕೆ ದೇಶ, ರಾಜ್ಯ, ನಗರಗಳೆಂದು ಮೂರು ನೆಲೆಗಳಿವೆ. ತೆರಿಗೆಯ ಮಾತು ದೆಹಲಿಗೆ, ಮುದ್ರಾಂಕಶುಲ್ಕ ಮತ್ತು ಭೂಮಿಯ ಮಾತು ವಿಧಾನಸೌಧಕ್ಕೆ, ನಕ್ಷೆ ಪರವಾನಗಿಗಳ ಮಾತು ನಗರದ ಕಚೇರಿಗೆ ಹೋಗುವುದು. ಆಯವ್ಯಯಕ್ಕೆ ಮುಂಚೆ ಮನವಿ, ಕರಡು ನಿಯಮಗಳು ಪ್ರಕಟವಾದಾಗ ಆಕ್ಷೇಪಣೆ, ಮಂತ್ರಿಗಳ ಭೇಟಿ: ಇವು ಅದರ ಸಾಧನಗಳು. ಸದಸ್ಯರು ನಡೆಯತಕ್ಕ ಆಚಾರಸಂಹಿತೆಯೊಂದನ್ನೂ ಅದು ಇಟ್ಟುಕೊಂಡಿದೆ. ಇದು ಸ್ಮೃತಿಕಾರರು ಹೇಳಿದ ಸಮಯವೇ. ತನ್ನನ್ನು ತಾನು ಕಟ್ಟಿಕೊಂಡ ಸಮೂಹದ ಮಾತಿಗೆ ಅರಮನೆಯಲ್ಲಿ ಬೆಲೆ ಹೆಚ್ಚು.

ಇನ್ನು ಬಿನ್ನಪದ ಒಳಮರ್ಮ. ವಿಧಿಯನ್ನೇ ತೆಗೆದುಹಾಕಿರೆಂದು ಸಂಘವು ಕೇಳುವುದು ವಿರಳ. ವಿಧಿಯು ಹಾಗೆಯೇ ಇರಲಿ, ಅದರಲ್ಲಿರುವ ಶಬ್ದದ ಲಕ್ಷಣವನ್ನು ಮಾತ್ರ ಬದಲಾಯಿಸಿರೆಂದು ಕೇಳುವುದೇ ಹೆಚ್ಚು. ತರ್ಕವನ್ನು ಓದಿದವರಿಗೆ ಇದರ ಬಲವು ಗೊತ್ತು. ೨೦೧೯ರ ಏಪ್ರಿಲ್ ೧ರಿಂದ ಕಟ್ಟುತ್ತಿರುವ ಮನೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಸಾಮಾನ್ಯವಾಗಿ ಶೇಕಡ ೫, ‘ಕೈಗೆಟುಕುವ ಮನೆ’ಗೆ ಶೇಕಡ ೧ ಎಂದಾಯಿತು. ಹಾಗಾದರೆ ಕೈಗೆಟುಕುವ ಮನೆಯೆಂದರೆ ಯಾವುದು? ಬೆಲೆ ೪೫ ಲಕ್ಷ ರೂಪಾಯಿಗಳನ್ನು ಮೀರಬಾರದು. ಒಳವಿಸ್ತಾರವು ಬೆಂಗಳೂರಿನಂತಹ ಮಹಾನಗರದಲ್ಲಿ ೬೦ ಚದರ ಮೀಟರನ್ನೂ ಇತರ ಕಡೆಗಳಲ್ಲಿ ೯೦ನ್ನೂ ಮೀರಬಾರದು. ನೆಲದ ಬೆಲೆಯೂ ಕೂಲಿಯೂ ಏರಿರುವಾಗ ಬೆಂಗಳೂರಿನಲ್ಲಿ ಈ ಲಕ್ಷಣಕ್ಕೆ ಲಕ್ಷ್ಯವೇ ದೊರೆಯದೆಂದೂ, ಆದುದರಿಂದ ೪೫ ಲಕ್ಷದ ಮಿತಿಯನ್ನು ಏರಿಸಬೇಕೆಂದೂ ಸಂಘವು ಪದೇಪದೇ ಬಿನ್ನವಿಸಿದೆ. ಅದು ಅವ್ಯಾಪ್ತಿದೋಷವನ್ನು ಎತ್ತಿ ತೋರುತ್ತಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಿತಿಯನ್ನು ಏರಿಸಿದರೆ ಅತಿವ್ಯಾಪ್ತಿಯು ಬರುವುದು. ಶಬ್ದವು ದೊಡ್ಡ ಮನೆಗೆ ಎಟುಕಿತೇ ಹೊರತು ಮನೆಯು ಗುಮಾಸ್ತನ ಕೈಗೆ ಎಟುಕಿತೆಂದು ಹೇಳಲಾಗದು. ತೆರಿಗೆಯಲ್ಲಿ ಉಳಿದ ಹಣವು ಕೊಳ್ಳುವವನಿಗೆ ಇಳಿಯುವುದೋ ಕಟ್ಟುವವನಲ್ಲಿಯೇ ನಿಲ್ಲುವುದೋ ಎಂಬುದನ್ನು ಬಿನ್ನಪವು ಹೇಳದು. ೨೦೧೭ರ ಕೇಂದ್ರ ಆಯವ್ಯಯದಲ್ಲಿ ಇಂತಹ ಮನೆಗಳಿಗೆ ರಸ್ತೆ ಮೊದಲಾದ ಮೂಲಸೌಕರ್ಯಗಳ ಸ್ಥಾನವು ದೊರೆತುದನ್ನು ಮೀಮಾಂಸಕರು ಅತಿದೇಶವೆನ್ನುತ್ತಿದ್ದರು: ಒಂದರ ಧರ್ಮವನ್ನು ಇನ್ನೊಂದಕ್ಕೆ ಹಚ್ಚುವುದು.

ಹೀಗೆಯೇ ಇನ್ನೊಂದು ನಿದರ್ಶನ. ೨೦೧೬ರ ಸ್ಥಿರಾಸ್ತಿ ನಿಯಂತ್ರಣದ ಕಾಯಿದೆಯು, ಪೂರ್ಣತಾಪತ್ರ ದೊರೆಯದೆ ನಡೆಯುತ್ತಿರುವ ಯೋಜನೆಗಳೂ ನೋಂದಣಿಯಾಗಬೇಕೆಂದಿತು. ಕೊಂಡವರಿಂದ ಬಂದ ಹಣದಲ್ಲಿ ಶೇಕಡ ೭೦ನ್ನು ಬೇರೆ ಖಾತೆಯಲ್ಲಿಡಬೇಕೆಂದೂ ವಿಧಿಸಿತು. ಇಲ್ಲಿ ಹೋರಾಟವೆಲ್ಲ ‘ನಡೆಯುತ್ತಿರುವ’ ಎಂಬ ವಿಶೇಷಣದ ಮೇಲೆ. ಕಟ್ಟುವವರು ವಿನಾಯಿತಿ ಬೇಕೆಂದರು. ಹಣ ತೆತ್ತು ಮನೆ ಕಾಣದವರು ತಾವೂ ಸಂಘ ಕಟ್ಟಿ ಕೂಡದೆಂದರು. ೨೦೧೭ರ ಜುಲೈ ೧೦ರಂದು ಹೊರಟ ಕರ್ನಾಟಕದ ನಿಯಮಗಳಲ್ಲಿ, ಶೇಕಡ ೬೦ ಮನೆಗಳ ಕ್ರಯಪತ್ರವಾದ ಯೋಜನೆಯೇ ಮೊದಲಾದ ಕೆಲವು ಆ ಶಬ್ದದ ಹೊರಗುಳಿದುವು. ಉಳಿದ ೪೦ ಮನೆಗಳವರ ಗತಿಯೇನೆಂದು ಕೊಂಡವರು ಕೇಳಿದುದು ನ್ಯಾಯವೆಂದೇ ನನಗೆ ತೋರುತ್ತದೆ.

ಮನೆಗೆ ನೆಲ ಬೇಕು, ನೆಲವು ರೈತನದು. ಆದಕಾರಣ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯನ್ನು ಇಲ್ಲಿ ನೆನೆಯಬೇಕು. ರೈತಸಂಘದ ಅಧ್ಯಕ್ಷರಾಗಿಯೂ ಶಾಸಕರಾಗಿಯೂ ಇದ್ದ ಕೆ. ಎಸ್. ಪುಟ್ಟಣ್ಣಯ್ಯನವರು (೧೯೪೯–೨೦೧೮) ಈ ಊರಿನವರು. ಭೂಸುಧಾರಣೆಯ ಕಾಯಿದೆಯ ೭೯-ಎ, ೭೯-ಬಿ ಪ್ರಕರಣಗಳು, ಬೇಸಾಯವಲ್ಲದ ಆದಾಯವು ಮಿತಿಯನ್ನು ಮೀರಿದವರೂ ಬೇಸಾಯಗಾರರಲ್ಲದವರೂ ಹೊಲವನ್ನು ಕೊಳ್ಳದಂತೆ ತಡೆದಿದ್ದುವು. ೨೦೧೫ರಲ್ಲಿ ಆ ಮಿತಿಯು ೨ ಲಕ್ಷದಿಂದ ೨೫ ಲಕ್ಷಕ್ಕೆ ಏರಿತು; ೨೦೨೦ರಲ್ಲಿ ಪ್ರಕರಣಗಳೇ ಹೋದುವು. ಉದ್ಯಮದವರು ಬಹುಕಾಲದಿಂದ ಬಯಸಿದ್ದುದು ಅದು. ಇಲ್ಲಿ ಲಕ್ಷಣದ ತಿದ್ದುಪಡಿಯಿಂದ ಮೊದಲಾಗಿ ವಿಧಿಯ ಬಾಧೆಯಲ್ಲಿ ಮುಗಿದುದನ್ನು ಗಮನಿಸಬೇಕು. ರೈತಸಂಘಗಳ ಉತ್ತರವು ಮನವಿಪತ್ರದಲ್ಲಿ ಮುಗಿಯಲಿಲ್ಲ. ೨೦೨೦ರ ಸೆಪ್ಟೆಂಬರ್ ೨೮ರಂದು ರಾಜ್ಯವ್ಯಾಪಿ ಬಂದ್ ನಡೆಯಿತು.

ಬೀದಿಗೆ ಇಳಿಯುವುದು ರೈತನ ಸ್ವಭಾವವೆಂದು ಪಟ್ಟಣದವರು ಹೇಳುವುದುಂಟು. ಆದರೆ ೨೦೧೬ರ ಕಾಯಿದೆಯ ೪೧ನೆಯ ಪ್ರಕರಣವನ್ನು ನೋಡಬೇಕು. ಕೇಂದ್ರ ಸಲಹಾ ಮಂಡಲಿಯಲ್ಲಿ ಹತ್ತಕ್ಕೆ ಮೀರದ ಸದಸ್ಯರು ಯಾರ ಪರವಾಗಿ ಕುಳಿತುಕೊಳ್ಳತಕ್ಕದ್ದೆಂದು ಅಲ್ಲಿ ಹೆಸರಿಸಿದೆ: ಕಟ್ಟುವ ಉದ್ಯಮದವರು, ಕೊಳ್ಳುವವರು, ದಲ್ಲಾಳಿಗಳು, ಕಟ್ಟಡದ ಕೂಲಿಗಳು, ಸರ್ಕಾರೇತರ ಸಂಸ್ಥೆಗಳು, ವಿದ್ವತ್ಸಂಸ್ಥೆಗಳು. ಹೊಲವನ್ನು ಮಾರಿದವನ ಹೆಸರು ಆ ಪಟ್ಟಿಯಲ್ಲಿ ಬಂದಿಲ್ಲ.