ಮಂಗಳದ ಮಣ್ಣು, ಮುದ್ದೇಬಿಹಾಳದ ಸವುಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪುಸ್ತಕದ ಮಾತು ಬಂದರೆ ಮೊದಲು ವಚನ, ಆಮೇಲೆ ಜನಪದ. ವಿಜ್ಞಾನ ಕಥೆಯ ಹೆಸರೆತ್ತಿದರೆ ಮಾತ್ರ ‘ಅದೆಲ್ಲ ನಮಗ್ಯಾಕ್ರಿ’ ಅನ್ನುವವರೇ ಹೆಚ್ಚು. ಈಚೆಗೆ ಓದಿದ ಕೆಲವು ಪುಸ್ತಕಗಳನ್ನು ಮುಂದಿಟ್ಟುಕೊಂಡು ಆ ಮಾತಿಗೆ ಉತ್ತರ ಕೊಡುತ್ತಿದ್ದೇನೆ.

ತಪ್ಪು ಕಲ್ಪನೆ: ವಿಜ್ಞಾನ ಕಥೆ ಅಂದರೆ ರಾಕೆಟ್ಟು, ಲೇಸರ್ ಗನ್ನು. ಒಕ್ಕಲುತನದವರಿಗೆ ಅದರಲ್ಲಿ ಏನೂ ಇಲ್ಲ.

ವಾಸ್ತವ: ಆ್ಯಂಡಿ ವಿಯರ್ ಬರೆದ ‘ದಿ ಮಾರ್ಷಿಯನ್’ (2011) ಓದಿ ನೋಡಿ. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಬಿಡುವ ಮಾರ್ಕ್ ವಾಟ್ನಿ ಸಸ್ಯವಿಜ್ಞಾನಿ. ಹೊರಗಿನ ಮಣ್ಣನ್ನು ತಾನಿರುವ ಡೇರೆಯೊಳಗೆ ಹೊತ್ತು ತಂದು, ಮಲದ ಗೊಬ್ಬರ ಹಾಕಿ ಆಲೂಗಡ್ಡೆ ಬೆಳೆಯುತ್ತಾನೆ. ಒಂದು ಘನ ಮೀಟರ್ ಮಣ್ಣಿಗೆ 40 ಲೀಟರ್ ನೀರು ಬೇಕೆಂದು ಲೆಕ್ಕ ಹಾಕುತ್ತಾನೆ. ಇದ್ದ ನೀರು ಸಾಲದಾದಾಗ ರಾಕೆಟ್ ಇಂಧನ ಹೈಡ್ರಜೀನ್‌ನಿಂದಲೇ ನೀರು ಹುಟ್ಟಿಸುತ್ತಾನೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡ ಇಂಡಿಯ ರೈತ ಈ ಪುಟಗಳನ್ನು ಬೆಂಗಳೂರಿನ ಓದುಗನಿಗಿಂತ ಚೆನ್ನಾಗಿ ಓದಬಲ್ಲ.

ಪುಸ್ತಕದ ಲೋಪವನ್ನು ಹಿಡಿಯಬಲ್ಲವನೂ ನಮ್ಮವನೇ. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಲವಣ ಇರುವುದನ್ನು ಫೀನಿಕ್ಸ್ ನೌಕೆ 2008ರಲ್ಲೇ ಪತ್ತೆ ಮಾಡಿತ್ತು. ಆ ಉಪ್ಪು ನೀರಿನಲ್ಲಿ ಕರಗುತ್ತದೆ, ಆದ್ದರಿಂದ ತೊಳೆದು ತೆಗೆಯಬಹುದು. ಆದರೆ ಕಾಲುವೆ ನೀರು ಹಾಯಿಸಿ ಎರೆ ಹೊಲ ಸವುಳು-ಜವುಳಾದದ್ದನ್ನು ಕಂಡ ಮುದ್ದೇಬಿಹಾಳದ ರೈತನಿಗೆ ಮುಂದಿನ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ತೊಳೆದ ನೀರು ಎಲ್ಲಿಗೆ ಹೋಗಬೇಕು? ಬಸಿಗಾಲುವೆ ಇಲ್ಲದೆ ಬರೀ ನೀರು ಕೊಟ್ಟರೆ ಉಪ್ಪು ಮತ್ತೆ ಮೇಲೇಳುತ್ತದೆ. ಮುಚ್ಚಿದ ಡೇರೆಯೊಳಗೆ ಬಸಿಗಾಲುವೆ ತೋಡುವುದು ಹೇಗೆ? ಕಾದಂಬರಿ ಇದನ್ನು ಕೇಳುವುದೇ ಇಲ್ಲ. ಕಥೆ ಶುರುವಾಗುವ ಬಿರುಗಾಳಿಯೂ ಅಸಾಧ್ಯ. ಮಂಗಳದ ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ, ಅದು ರಾಕೆಟ್ಟನ್ನು ವಾಲಿಸಲಾರದು. ಇಷ್ಟಾದರೂ ಈಚೆಗೆ ನಾನು ಓದಿದ್ದರಲ್ಲಿ ಮನಸ್ಸಿಗೆ ಹೆಚ್ಚು ಹಿಡಿಸಿದ ಪುಸ್ತಕ ಇದೇ.

ತಪ್ಪು ಕಲ್ಪನೆ: ಇದು ಭವಿಷ್ಯ ಹೇಳುವ ಸಾಹಿತ್ಯ.

ವಾಸ್ತವ: ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್ ಕಥೆಯಲ್ಲಿ ಸಂಪರ್ಕ ಉಪಗ್ರಹದ ಭವಿಷ್ಯ ನುಡಿದಿದ್ದರು ಎನ್ನುತ್ತಾರೆ. ಆದರೆ 1945ರಲ್ಲಿ ಅವರು ಆ ವಿಚಾರ ಬರೆದದ್ದು ರೇಡಿಯೊ ತಂತ್ರಜ್ಞಾನದ ಪತ್ರಿಕೆಗೆ, ಲೇಖನವಾಗಿ. ಕಥೆಗೆ ಆ ಹೊರೆ ಬೇಡ.

ತಪ್ಪು ಕಲ್ಪನೆ: ಇದು ಪಶ್ಚಿಮದ ಗಂಡಸರ ಸರಕು.

ವಾಸ್ತವ: ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಅಚ್ಚಾದಾಗ ಅದನ್ನು ಬರೆದ ಮೇರಿ ಶೆಲ್ಲಿಗೆ ಇಪ್ಪತ್ತು ವರ್ಷ. ಬಂಗಾಳದ ರುಕಿಯಾ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಬಂತು. ಅದರಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ವಿಶ್ವವಿದ್ಯಾಲಯದಲ್ಲಿ. ಅವರು ಬಲೂನಿಗೆ ಕೊಳವೆ ಕಟ್ಟಿ ಆಕಾಶದಿಂದಲೇ ನೀರು ಇಳಿಸಿಕೊಳ್ಳುತ್ತಾರೆ, ಸೂರ್ಯನ ಶಾಖವನ್ನು ಕೂಡಿಟ್ಟು ಬಳಸುತ್ತಾರೆ. ಮುಗಿಲು ನೋಡುತ್ತ ಕೂರುವ ನಮ್ಮ ಜಿಲ್ಲೆಯಲ್ಲಿ ಪ್ರತಿ ಹೈಸ್ಕೂಲಿನ ಹುಡುಗಿಯರೂ ಓದಬೇಕಾದ ಪುಟ್ಟ ಕಥೆ ಅದು.

ಇನ್ನೂ ಹತ್ತಿರ ಬರೋಣ. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳವಿಜ್ಞಾನಿ ಜಯಂತ ನಾರ್ಳೀಕರ 1974ರಲ್ಲಿ ‘ಕೃಷ್ಣವಿವರ’ ಎಂಬ ಮರಾಠಿ ಕಥೆಯನ್ನು ಬೇರೊಂದು ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಿ ಬಹುಮಾನ ಗೆದ್ದರು. ಸೊಲ್ಲಾಪುರಕ್ಕೆ ಹೋಗಿಬರುವ ಇಂಡಿ ಕಡೆಯವರಿಗೆ ಮರಾಠಿ ಹೊಸದೇನಲ್ಲ.

ತಪ್ಪು ಕಲ್ಪನೆ: ಕನ್ನಡದಲ್ಲಿ ಅಂಥದ್ದಿಲ್ಲ, ಇದ್ದರೂ ನಮ್ಮ ಸೀಮೆಯವರು ಹೊಸದನ್ನು ಮುಟ್ಟುವವರಲ್ಲ.

ವಾಸ್ತವ: ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡ ವಿಜ್ಞಾನ ಕಥೆಗಾಗಿಯೇ ದುಡಿದವರು. ತೇಜಸ್ವಿಯವರ ‘ಕರ್ವಾಲೊ’ (1980) ಎಲ್ಲರಿಗೂ ಗೊತ್ತು. ಈ ಸಲ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾರುವ ಓತಿಯಲ್ಲ, ವಿಜ್ಞಾನಿಯ ಪಕ್ಕದಲ್ಲಿ ಸರಿಸಮನಾಗಿ ನಿಲ್ಲುವ ಹಳ್ಳಿಗ ಮಂದಣ್ಣ. ಇನ್ನು ನಮ್ಮ ಸೀಮೆ: ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಬೀಸುಕಲ್ಲಿನ ಹಾಡನ್ನು ಅಚ್ಚು ಹಾಕುವುದೇ ಹೊಸತಾಗಿತ್ತು. ಅವರಲ್ಲೊಬ್ಬರಾದ ಮಧುರಚೆನ್ನರು ಅದೇ ಹಳ್ಳಿಯಲ್ಲಿ ಕೂತು ಅರವಿಂದರನ್ನು ಓದುತ್ತಿದ್ದರು.

ತಪ್ಪು ಕಲ್ಪನೆ: ಸಮಾಜದ ಕಷ್ಟದಿಂದ ಓಡಿಹೋಗುವವರ ಓದು ಇದು.

ವಾಸ್ತವ: ಚೀನಾದ ಲಿಯು ಸಿಷಿನ್ ‘ದಿ ಥ್ರೀ ಬಾಡಿ ಪ್ರಾಬ್ಲಂ’ ಬರೆದಾಗ ಶಾಂಕ್ಸಿ ಪ್ರಾಂತದ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್. ಬಸವನ ಬಾಗೇವಾಡಿ ಕಡೆಯ ಕೂಡಗಿಯ 2,400 ಮೆಗಾವಾಟ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬರುವ ಯಾರಾದರೂ ಇಂಥದ್ದು ಬರೆಯಲಿ ಎಂದು ಆಸೆಪಡುತ್ತೇನೆ. ಇಂಗ್ಲಿಷ್ ಅನುವಾದ ತೆರೆದುಕೊಳ್ಳುವುದು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ: ಒಪ್ಪದ ಮಾತು ಕಲಿಸಿದ್ದಕ್ಕೆ ಭೌತವಿಜ್ಞಾನದ ಪ್ರಾಧ್ಯಾಪಕನೊಬ್ಬನನ್ನು ಜನರ ಎದುರಿಗೇ ಹೊಡೆದು ಕೊಲ್ಲುತ್ತಾರೆ, ಮಗಳು ನೋಡುತ್ತಿರುತ್ತಾಳೆ. ಈ ಕಾದಂಬರಿಗೆ ಹ್ಯೂಗೊ ಪ್ರಶಸ್ತಿ ಬಂದದ್ದು 2015ರ ಆಗಸ್ಟಿನಲ್ಲಿ. ಅದೇ ತಿಂಗಳ 30ರಂದು ಸಿಂದಗಿ ತಾಲೂಕಿನಲ್ಲಿ ಹುಟ್ಟಿ ಬೆಳೆದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಈ ಕೊಲೆಯನ್ನು ಮರೆತು ಆ ಮೊದಲ ಅಧ್ಯಾಯವನ್ನು ಓದಲು ನನ್ನಿಂದಾಗಲಿಲ್ಲ.

ಮುಂದೆ ಪಾತ್ರಗಳು ತೆಳುವಾಗುತ್ತವೆ, ವಿವರಣೆ ಉದ್ದವಾಗುತ್ತದೆ, ನಡುವೆ ಬರುವ ಕಂಪ್ಯೂಟರ್ ಆಟದ ಭಾಗ ಬೇಸರ ತರಿಸುತ್ತದೆ. ಹಾಗಿದ್ದರೂ ಸಿಂದಗಿಯ ಕಾಲೇಜು ಹುಡುಗರು ಒಂದೇ ವಿಜ್ಞಾನ ಕಾದಂಬರಿ ಕೇಳಿದರೆ ನನಗೆ ಹೆಚ್ಚು ಹಿಡಿಸಿದ ‘ಮಾರ್ಷಿಯನ್’ ಬದಿಗಿಟ್ಟು, ಆ ಮೊದಲ ಅಧ್ಯಾಯಕ್ಕಾಗಿ ಇದನ್ನೇ ಕೊಡುತ್ತೇನೆ.