ಪಾರ್ಟ್ ನಂಬರ್ ಓದಿ, ಆಮೇಲೆ ದುಡ್ಡು ಕೊಡಿ

ನಂದಗಡದ ಕಾರಿಗೆ ಬೇಕಾದ ಬಿಡಿಭಾಗ ಎಷ್ಟೋ ಸಲ ಖಾನಾಪುರ ದಾಟಿ ಬೆಳಗಾವಿಯಿಂದಲೇ ಬರಬೇಕು. ತಪ್ಪು ಸಾಮಾನು ತಂದರೆ ದುಡ್ಡಿನ ಜೊತೆ ದಿನವೂ ದಂಡ. ಈ ಎಡವಟ್ಟಿಗೆ ಕಾರಣವಾಗುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಕಾರಿನ ಹೆಸರು ಹೇಳಿದರೆ ಸಾಕು.
ಸತ್ಯ: ಸಾಲದು. ಸ್ವಿಫ್ಟ್ ಕಾರು ಪೆಟ್ರೋಲ್‌ನಲ್ಲೂ ಬಂದಿದೆ, 2020ಕ್ಕೆ ಮೊದಲು ಡೀಸೆಲ್‌ನಲ್ಲೂ ಬರುತ್ತಿತ್ತು. ಎರಡರ ಫಿಲ್ಟರ್, ಕ್ಲಚ್ ಬೇರೆ ಬೇರೆ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಡಿ. ಅದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಒ ಎಂದು ಕಂಡದ್ದು ಸೊನ್ನೆಯೇ.

ತಪ್ಪು ಕಲ್ಪನೆ: ಬ್ಯಾಟರಿಯ ಆಂಪಿಯರ್ ಒಂದೇ ಇದ್ದರೆ ಸರಿ.
ಸತ್ಯ: 38ಬಿ20ಎಲ್ ಎಂಬ ಕೋಡ್‌ನಲ್ಲಿ 38 ಸಾಮರ್ಥ್ಯದ ದರ್ಜೆ, ಬಿ ಅಗಲ-ಎತ್ತರದ ವರ್ಗ, 20 ಸುಮಾರು 20 ಸೆಂ.ಮೀ. ಉದ್ದ. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಎಂಬುದನ್ನು ಹೇಳುತ್ತದೆ. ಅದು ಅದಲುಬದಲಾದರೆ ಕೇಬಲ್ ಮುಟ್ಟದೇ ಹೋಗಬಹುದು.

ತಪ್ಪು ಕಲ್ಪನೆ: ಬ್ರೇಕ್ ಆಯಿಲ್‌ನ ಡಾಟ್ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು.
ಸತ್ಯ: ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು, ಡಾಟ್ 5 ಸಿಲಿಕೋನ್. ಈ ಎರಡು ಜಾತಿಗಳನ್ನು ಬೆರೆಸಲೇಬಾರದು. ಗ್ಲೈಕಾಲ್ ದ್ರವ ಗಾಳಿಯ ತೇವ ಹೀರುತ್ತದೆ, ಆಗ ಅದರ ಕುದಿಬಿಂದು ಇಳಿಯುತ್ತದೆ. ಖಾನಾಪುರ ಸೀಮೆಯ ಮಳೆಗಾಲದಲ್ಲಂತೂ ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿ ಬೇಡವೇ ಬೇಡ.

ತಪ್ಪು ಕಲ್ಪನೆ: ಅಂಕಿ ಒಂದೇ ಇದ್ದರೆ ಯಾವ ಕಂಪನಿಯ ಸ್ಪಾರ್ಕ್ ಪ್ಲಗ್ಗೂ ನಡೆಯುತ್ತದೆ.
ಸತ್ಯ: ಎನ್‌ಜಿಕೆಯಲ್ಲಿ ಶಾಖದ ಅಂಕಿ ಏರಿದಂತೆ ಪ್ಲಗ್ ಶಾಖವನ್ನು ಬೇಗ ಹೊರಹಾಕುತ್ತದೆ, ಬಾಷ್‌ನಲ್ಲಿ ಇದು ತಿರುವುಮುರುವು. ಕಂಪನಿ ಬದಲಿಸುವುದಾದರೆ ಹೊಂದಾಣಿಕೆ ಪಟ್ಟಿ ನೋಡಲೇಬೇಕು.

ತಪ್ಪು ಕಲ್ಪನೆ: ರಿಮ್‌ಗೆ ಕೂತರೆ ಟೈರ್ ಸರಿ.
ಸತ್ಯ: 165/80 ಆರ್14 85ಟಿ ಎಂದಿದ್ದರೆ 14 ಇಂಚಿನ ರಿಮ್ ಒಂದು ಸಂಗತಿ ಮಾತ್ರ. 165 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 80. 85 ಎಂದರೆ ಒಂದು ಟೈರ್ 515 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿ.ಮೀ. ಮಿತಿ. ಭಾರದ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಪಕ್ಕದಲ್ಲಿ 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು.

ತಪ್ಪು ಕಲ್ಪನೆ: ಕಾರು ಕಂಪನಿಯ ಡಬ್ಬಿಯಲ್ಲಿಲ್ಲದ್ದೆಲ್ಲ ಡುಪ್ಲಿಕೇಟ್.
ಸತ್ಯ: ಪ್ಲಗ್, ಬೇರಿಂಗ್‌ಗಳಂಥವನ್ನು ಕಾರು ಕಂಪನಿಗಳು ಬಹುಪಾಲು ಹೊರಗಿನಿಂದಲೇ ಕೊಳ್ಳುತ್ತವೆ. ಅದೇ ತಯಾರಕರು ತಮ್ಮ ಹೆಸರಿನಲ್ಲೂ ಅವನ್ನು ಮಾರುತ್ತಾರೆ. ಡಬ್ಬಿಯಲ್ಲಿ ನೋಡಬೇಕಾದ್ದು ಹೊಂದಾಣಿಕೆಯ ನಂಬರ್.

ಪೇಟೆಗೆ ಹೊರಡುವ ಮುನ್ನ ಹಳೆಯ ಭಾಗದ ನಂಬರ್, ಆರ್‌ಸಿ ಎರಡರ ಫೋಟೊ ಮೊಬೈಲ್‌ನಲ್ಲಿರಲಿ. ಅಂಗಡಿಯಲ್ಲಿ ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿಯೇ ದುಡ್ಡು ಕೊಡಿ.